ಹೆಸರಿಟ್ಟ ಜಾಗದಲ್ಲಿ ಮ್ಯೂಸಿಕ್ಕು

...ಹಾಗಂತ ನಾನು ಅಂದೇ ಇಲ್ಲ ಕಣೋ ಕಿರಣ. ‘ನನ್ನ ತಮ್ಮ ಕೆಲಸಕ್ಕೆ ಬಾರದವನು’ ಅಂತ ನಾನ್ಯಾಕೆ ಅನ್ಲಿ? ಮೈಕ್ ಸರಿಯಾಗಿ ಹಾಕಿಲ್ಲ ಅಂದೆ. ಅಷ್ಟೇ. ಉಮಾಮಹೇಶ್ವರಿ ಅಮ್ಮ ಅದಕ್ಕೆ ಉಪ್ಪು ಖಾರ ಹಚ್ಚಿ ನಿಂಗೆ ಹೇಳಿರ್ಬೇಕು. ಮೊದ್ಲು ಒಳಗೆ ಬಾ. ಅಲ್ಲಿ ಬೇಡ, ಕಿಟಕಿಗೆ ಬೆನ್ನು ಹಾಕಿ ಕೂತ್ರೆ ನಿನ್ನ ಮುಖವೆಲ್ಲ ಕತ್ತಲು. ಈ ಸ್ಟೂಲ್ ಎಳ್ಕೋ. ಹಾಂ, ನನ್ನ ಕಡೆ ತಿರುಗಿ. ಅಣ್ಣ ತಮ್ಮ ಅಂದ್ಮೇಲೆ ಮುಖ ನೋಡಿ ಮಾತಾಡ್ಬೇಕಪ್ಪ.

ಯಾಕೆ ಬಾಗಿಲು ಹಾಕ್ತೀಯ? ಈ ಸೆಕೆಯಲ್ಲಿ... ಏನು? ನಾನು ಕೂಗ್ತಿದೀನಾ? ಎಲ್ಲಿ ಕೂಗ್ತಿದೀನಿ, ಮಾಮೂಲಾಗೇ ಮಾತಾಡ್ತಿದೀನಿ. ಪಕ್ಕದ ಮನೆ ಪಾಟಿಗೆ ಕೇಳಿದ್ರೆ ಕೇಳ್ಲಿ ಬಿಡು, ತಮಿಳು ಅಜ್ಜಿ, ಅವರಿಗೆ ಕನ್ನಡ ಬರಲ್ಲ. ಸರಿ ಪಾ, ಹಾಕು. ಹಾಕು.

ಆ ಬ್ಯಾಗಲ್ಲಿ ಏನು? ಮೈಕಾ? ಹೆಡ್‌ಫೋನೂ ತಂದಿದೀಯಾ? ವಾಪಸ್ ಕೊಡೋಕಾ? ಭಾನುವಾರ ತಾಂಬರಂನಲ್ಲಿ ಟ್ರೈನ್ ಹತ್ತಿ, ಕೋಡಂಬಾಕ್ಕಂನಲ್ಲಿ ಇಳ್ದು, ಈ ಬಿಸಿಲಲ್ಲಿ ವಡಪಳನಿ ತನಕ ನಡ್ಕೊಂಡು ಬಂದಿದ್ದು ಇದಕ್ಕಾ? ಚೆನ್ನಾಗಿದೆ. ಎತ್ತಿಡು ಆ ಬ್ಯಾಗನ್ನ. ನನ್ನ ಕಣ್ಣೆದುರು ಇಡ್ಬೇಡ.

ನೋಡು, ನಿನ್ನೆ ಆಗಿದ್ದು ಆಗಿದ್ದ ಹಾಗೆ ಹೇಳ್ತೀನಿ, ಕೇಳು. ಬೆಳಿಗ್ಗೆ ಹತ್ತಕ್ಕೆ ಅಣ್ಣಾ ನಗರದಿಂದ ಆ ಯಮ್ಮ ಆಟೋದಲ್ಲಿ ಬಂದ್ರು. ಮೆಟ್ಟಿಲು ಹತ್ತಿ ಬಂದು, ಕೂತ್ಕೊಳ್ಳಿ ಅಂದ್ರೂ ಕೂರ್ಲಿಲ್ಲ. ಮೊಮ್ಮಗನ ನಾಮಕರಣದ ಸಿಡಿ ಈ ಮೇಜಿನ ಮೇಲೆ ಹೀಗೆ ಕುಕ್ಕಿದ್ರು. ‘ಮುರಿಗೆಪ್ಪ, ಇದನ್ನ ನೀವು ನಿಮ್ಮ ಮನೇಲಿ ಒಂದ್ಸಲ ಹಾಕಿ ನೋಡಿದೀರಾ?’ ಅಂದ್ರು. ದಾವಣಗೆರೆಯಿಂದ ಬೀಗರು ಬಂದಿದ್ರಂತೆ. ಎಲ್ರೂ ಟಿ.ವಿ. ಮುಂದೆ ಚಾಪೆ ಹಾಕಿ ಕೂತಿದ್ರಂತೆ. ಮ್ಯೂಸಿಕ್ ಬಂದ್ರೆ ಗೋಡೆ ಅದುರತ್ತಂತೆ, ಮಗು ಬೆಚ್ಚಿಬಿದ್ದು ಅಳತ್ತಂತೆ. ರಿಮೋಟ್ ಒತ್ತಿ ಒತ್ತಿ ಇಳಿಸಿದ್ರೆ, ಅಷ್ಟೊತ್ತಿಗೆ ಯಾರೋ ಮಾತಾಡೋಕೆ ಶುರು ಮಾಡ್ತಾರೆ, ಒಂದಕ್ಷರ ಕೇಳಲ್ವಂತೆ. ಮತ್ತೆ ಏರಿಸಿದ್ರೆ ಮತ್ತೆ ಮ್ಯೂಸಿಕ್. ‘ಮುಕ್ಕಾಲು ಗಂಟೆ ರಿಮೋಟ್ ಒತ್ತಿ ನನ್ನ ಹೆಬ್ಬೆಟ್ಟು ನೋಯ್ತಿದೆ’ ಅಂದ್ರು. ಯಾಕೆ ನಗ್ತೀಯ? ನಗೋ ವಿಷಯವಾ ಇದು? ಬೀಗರ ಮುಂದೆ ಅವರಿಗೆ ಅವಮಾನ ಆಗಿದೆ.

ಆಮೇಲೆ ಅಸಲಿ ವಿಷಯ ತೆಗೆದ್ರು. ತೊಟ್ಟಿಲ ಹತ್ರ ಹೆಸರಿಡೋ ಜಾಗ. ಅವರ ಮಗಳು ಶಿಲ್ಪಶ್ರೀ, ಮಗೂನ ಸೋದರತ್ತೆ, ಅದಕ್ಕೋಸ್ಕರಾನೇ ಹೊಸ ಸೀರೆ ಉಟ್ಕೊಂಡು ದಾವಣಗೆರೆಯಿಂದ ಬಂದಿದ್ಳಂತೆ. ಮಗು ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ, ಎಲ್ರೂ ಅವಳ ಬೆನ್ನಿಗೆ ಗುದ್ದಿ... ಆ ಜಾಗದಲ್ಲಿ ಏನೂ ಕೇಳಲ್ವಂತೆ. ಬರೀ ಮ್ಯೂಸಿಕ್ಕಂತೆ. ‘ಹೆಸರಿಡೋದೇ ಇಲ್ಲದ ನಾಮಕರಣ ಮಾಡಿಕೊಟ್ಟಿದೀರಲ್ಲ’ ಅಂದ್ರು. ಅವಳು ಅತ್ತಳಂತೆ.

ನಾನೇನು ಹೇಳ್ಲಿ? ಹೇಳು. ನಿನ್ನ ಜಾಗದಲ್ಲಿ... ಅಲ್ಲ, ನನ್ನ ಜಾಗದಲ್ಲಿ ನೀನಿದ್ರೆ ಏನು ಹೇಳ್ತಿದ್ದೆ? ‘ಎಡಿಟಿಂಗಲ್ಲಿ ತಪ್ಪಿಲ್ಲಮ್ಮ, ತಮ್ಮ ಮೈಕ್ ದೂರ ಇಟ್ಟಿದಾನೆ, ಮಾತು ಸರಿಯಾಗಿ ಬಿದ್ದಿಲ್ಲ’ ಅಂದೆ. ‘ಇನ್ಮೇಲೆ ಅವನನ್ನ ಕಳ್ಸಲ್ಲ’ ಅಂದೆ. ಹೂಂ, ಅದೂ ಅಂದೆ. ಅಂದಿಲ್ಲ ಅನ್ನಲ್ಲ.

ಗೊತ್ತು ಕಣೋ. ಕನ್ನಡ ಸಂಘದವರ ಫಂಕ್ಷನ್ನೇ ನಿನ್ನ ಹೊಟ್ಟೆಪಾಡು ಅಂತ ನಂಗೆ ಗೊತ್ತಿಲ್ವಾ? ಆ ಯಮ್ಮ ಒಂದು ಮಾತು ಹೇಳಿದ್ರೆ ಮದ್ರಾಸಿನ ಒಂದು ಕನ್ನಡದ ಮನೆಯವರೂ ನಿನ್ನ ಕರೆಯಲ್ಲ ಅಂತಾನೂ ಗೊತ್ತು. ಆಗ್ಲೇ ಹೇಳಿಬಿಟ್ರಾ? ಯಾರ್ಯಾರಿಗೆ? ...ಮೂರು ಕಡೆಯಿಂದ ಬೇಡ ಅಂತ ಫೋನ್ ಬಂತಾ? ಒಂದೇ ದಿನಕ್ಕೆ?

ಇರ್ಲಿ. ಸ್ವಲ್ಪ ದಿನ ಹೋದ್ರೆ ಮರೀತಾರೆ.

ಏನು, ಯಾಕೆ ಆ ಕಡೆ ಕೈ ತೋರಿಸ್ತೀಯ? ಫೋನಾ? ಬಡ್ಕೊಳ್ಲಿ ಬಿಡು. ನಿಮ್ಮತ್ತಿಗೆ ಕೆಳಗಡೆ ತಗೋತಾಳೆ. ಕೆಲಸದ ಹೊತ್ತಲ್ಲಿ ನಾನು ಫೋನನ್ನ ಕಿವಿಗೇ ಹಾಕ್ಕೊಳಲ್ಲ. ಒಂದು ವರ್ಷದಿಂದ ಹಾಗೇ ಇಟ್ಕೊಂಡಿದೀನಿ. ಕಸ್ಟಮರ್ ಜೊತೆ ಅವಳೇ ಮಾತಾಡಿ, ಒಂದು ಚೀಟಿಯಲ್ಲಿ ಬರೆದು ಕೊಡ್ತಾಳೆ. ನಂಗೂ ಆರಾಮ.

ಟೀ ತಗೋ, ಆರಿಹೋಗತ್ತೆ. ಲೋಟ ಬಾಯಿಗೆ ಹಿಡ್ಕೊಂಡು ಮಾತಾಡ್ಬೇಡ ಮಾರಾಯ, ಕುಡಿದು ಆಮೇಲೆ ಮಾತಾಡು. ಮತ್ತೆ ಈ ಮೀಸೆ ಯಾವಾಗ ಬಿಟ್ಟೆ? ಸೊಪ್ಪಿನ ಕಟ್ಟು ಇದ್ದ ಹಾಗೆ ತುಟಿ ಮೇಲೆಲ್ಲ ಬಿದ್ದಿದೆ. ತೆಗಿ ಅದನ್ನ. ಹೆಣ್ಣು ನೋಡೋಕೆ ಹೋಗೋನು ನೀನು... ಸರಿ, ಹೆಣ್ಣಿನ ಮಾತು ಈಗ ಬೇಡ. ಬೇಡ ಅಂದ್ನಲ್ಲ.

ಇದು ಮೊದಲನೇ ಸಲ ಅಲ್ಲ, ಅದನ್ನ ಹೇಳು. ಶೋಳಿಂಗನಲ್ಲೂರಲ್ಲಿ ಆ ಹೊಸ ಬಿಲ್ಡಿಂಗ್ ಕಂಪನಿಯವರ ವಾರ್ಷಿಕೋತ್ಸವ ಮಾಡಿಕೊಟ್ವಲ್ಲ, ಅದೂ ಹೀಗೇ ಆಯ್ತು. ಅವರ ದೊಡ್ಡ ಆಫೀಸರು ಭಾಷಣ ಮಾಡಿದ್ದು ಯಾರಿಗೂ ಕೇಳ್ಸಲಿಲ್ಲ, ಕೊನೇಲಿ ಬಂದ ಡ್ಯಾನ್ಸಿಗೆ ಕಿವಿ ಕಿತ್ತುಹೋಯ್ತು ಅಂದ್ರು. ಆಗ್ಲೂ ನಿನ್ನ ಮೈಕೇ. ಹೂಂ, ನಿನ್ನ ಮೈಕೇ. ಬೇರೆ ಇನ್ನೇನು ಇರತ್ತೆ?

ನನ್ನ ಕೆಲಸದಲ್ಲಾ? ನನ್ನ... ಕಿರಣ, ನೀನು ಯಾರ ಜೊತೆ ಮಾತಾಡ್ತಿದೀಯ ಅಂತ ನೆನಪಿದೆಯಾ? ಮದುವೆ ಮನೆಗಳಲ್ಲಿ ನಾನು ಮೈಕ್ ಸೆಟ್ ಹಾಕ್ತಿದ್ದಾಗ ನೀನಿನ್ನೂ ಚಡ್ಡಿ ಹಾಕ್ತಿದ್ದೆ. ಹದಿನೈದು ವರ್ಷ ಸ್ಪೀಕರ್ ಡಬ್ಬದ ಪಕ್ಕದಲ್ಲೇ ಕೂತಿದೀನಿ. ನಾದಸ್ವರದವರು ಈ ಕಿವಿಗೆ, ಮೇಳದವರು ಆ ಕಿವಿಗೆ. ಯಾವ ಕಲ್ಯಾಣ ಮಂಟಪದಲ್ಲಿ ಯಾವ ಮೂಲೇಲಿ ಮೈಕ್ ಕುಂಯ್ ಅನ್ನತ್ತೆ ಅಂತ ಕಣ್ಮುಚ್ಚಿ ಹೇಳ್ತಿದ್ದೆ. ಕಿವಿ ಮುರಿಗೆಪ್ಪ ಅಂತಲೇ ಕರೀತಿದ್ರು ನನ್ನ. ಈ ಕಂಪ್ಯೂಟರ್ ಬಂದ್ಮೇಲೆ ಎಲ್ರೂ ಸದ್ದಿನ ಮೀಟರ್ ನೋಡ್ತಾರೆ, ಹಸಿರು ಕಡ್ಡಿ, ಕೆಂಪು ಕಡ್ಡಿ ಅಂತ. ನಾನು ಮೀಟರ್ ನೋಡೋನಲ್ಲ. ನಂಗೆ ಕಿವಿ ಇದೆ.

ಸರಿ, ತೋರಿಸ್ತೀನಿ ಬಾ. ನೀನೇ ಕೇಳು, ನೀನೇ ತೀರ್ಮಾನ ಮಾಡು. ಇದೋ, ಇಲ್ಲಿಂದ. ಬಾಗಿಲಲ್ಲಿ ಬೀಗರು ಬರ್ತಿದಾರೆ... ಮ್ಯೂಸಿಕ್ ಎಷ್ಟು ಮೆತ್ತಗೆ ಹಾಕಿದೀನಿ ನೋಡು. ಯಾಕೆ ಕಿವಿ ಮುಚ್ಕೋತೀಯ? ನಾಟಕ ಆಡ್ಬೇಡ ಕಣೋ. ಈಗ ಮುದುಕರು, ಮಗೂನ ಮುತ್ತಾತ. ಕೇಳು. ‘ನಮ್ಮ ಮನೆತನದಲ್ಲಿ ನಾಲ್ಕನೇ ತಲೆಮಾರಿನ ತೊಟ್ಟಿಲು ತೂಗ್ತಿದೆ, ಶಿವನ ದಯೆ, ಕೂಸು ನೂರು ವರ್ಷ ಬಾಳ್ಲಿ.’ ಒಂದೊಂದು ಮಾತೂ ಗಂಟೆ ಹೊಡೆದ ಹಾಗೆ ಬರ್ತಿದೆ. ಬರ್ತಿಲ್ವಾ? ಏನೂ ಕೇಳಲ್ವಾ? ಹತ್ರ ಬಾ, ಸ್ಪೀಕರ್ ಹತ್ರ. ಈಗ? ನಿನ್ನ ಕಿವಿಗೇನಾಗಿದೆ ಕಿರಣ?

ಬಿಡು, ಮುಂದಕ್ಕೆ ಓಡಿಸ್ತೀನಿ. ಊಟ, ಊಟ, ಅಡುಗೆಯವರು... ಹಾಂ, ಇದೇ ತೊಟ್ಟಿಲು. ಶಿಲ್ಪಶ್ರೀ ಬಗ್ಗಿದಾಳೆ. ಇಲ್ಲಿ ಮಾತಿಲ್ಲ, ಅದಕ್ಕೇ ಮ್ಯೂಸಿಕ್ ತುಂಬಿದೀನಿ. ಖಾಲಿ ಬಿಟ್ರೆ ಬೋಳುಬೋಳಾಗಿರತ್ತೆ.

ಏನು? ಇಲ್ಲೇ ಹೇಳ್ತಿದಾಳಾ ಹೆಸರು? ಎಲ್ಲಿ ಹೇಳ್ತಿದಾಳೆ? ಕೈ ಅಡ್ಡ ಹಿಡಿದು ಮಗು ಕಿವಿಗೆ ಬಾಯಿ ಇಟ್ಟಿದಾಳೆ, ಬಾಯೇ ಕಾಣ್ತಿಲ್ಲ, ಬಾಯಿ ಕಾಣ್ದೆ ನಂಗೆ ಹೇಗೆ...

ಅಂದ್ರೆ... ಮೈಕಿಗೆ ಬಾಯಿ ಕಾಣ್ಬೇಕು ಅಂತ ಅಂದೆ. ಮೈಕ್ ಬಾಯಿಗೆ ನೇರ ಇರ್ಬೇಕಲ್ಲ. ಅದನ್ನೇ ಹೇಳಿದ್ದು ನಾನು.

ಯಾಕೆ ಹಾಗೆ ನೋಡ್ತೀಯ?

ಟೀ ಪೂರ್ತಿ ಕುಡೀಲೇ ಇಲ್ಲ. ಯಾಕೆ ಲೋಟ ಕೆಳಗಿಟ್ಟೆ? ಸಕ್ಕರೆ ಕಮ್ಮಿಯಾ? ನಿಮ್ಮತ್ತಿಗೆನ ಕೇಳು, ಇನ್ನೊಂದ್ಚೂರು... ಬೇಡ್ವಾ. ಸರಿ.

ಹೂಂ, ಕೇಳು. ಕೋಪ ಇಲ್ಲ, ಕೇಳು.

ಟೇಪಾ? ಕ್ಯಾಮೆರಾದ ಟೇಪ್ ಮನೆಗೆ ತಗೊಂಡು ಹೋಗಿದ್ಯಾ? ಯಾವಾಗ? ...ಹೋದ ವಾರವೇ? ನಂಗೆ ಕಾಪಿ ಮಾಡಿ ಕೊಟ್ಟಾದ್ಮೇಲೆ. ಸರಿ, ಅದಕ್ಕೇನೀಗ? ...ಅದರಲ್ಲಿ ಸ್ಪಷ್ಟವಾಗಿದೆಯಾ? ಮೂರೂ ಸಲ? ಬೆನ್ನಿಗೆ ಗುದ್ದಿದ ಸದ್ದೂ ಇದೆಯಾ? ಶಿಲ್ಪಶ್ರೀ ಅಯ್ಯೋ ಅಂತ ನಕ್ಕಿದ್ದೂ?

ಅದು ನಿನ್ನ ಟಿ.ವಿ.ಯಲ್ಲಿ ಹಾಗೆ ಕೇಳ್ಸಿರ್ಬೇಕು. ಒಂದೊಂದು ಟಿ.ವಿ. ಒಂದೊಂದು ಥರ.

ಇಲ್ಲ, ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಸುಮ್ನೆ ಏನೇನೋ ಅಂದ್ಕೋಬೇಡ. ನಿಂಗೆ ಹೆಡ್‌ಫೋನ್ ಮೊದ್ಲು ಹಾಕಿದ್ದು ಯಾರು? ನಾನೇ ತಾನೇ... ಹೂಂ, ನೆನಪಿದೆ. ಪೆರಂಬೂರಿನ ಆ ಮದುವೇಲಿ. ನಿಂಗೆ ಎಷ್ಟು, ಹದಿಮೂರಾ? ಹೆಡ್‌ಫೋನ್ ಹಾಕ್ಕೊಂಡು, ‘ಅಣ್ಣಾ, ಆ ಮೂಲೇಲಿ ಅಜ್ಜಿ ಎಲೆಅಡಿಕೆ ಅಗೀತಿರೋದೂ ಕೇಳತ್ತೆ’ ಅಂತ ಕುಣಿದ್ಯಲ್ಲ. ಆವತ್ತೇ ಅಪ್ಪಾಜಿಗೆ ಹೇಳಿದ್ದೆ, ಇವನಿಗೆ ಕಿವಿ ಇದೆ ಅಂತ. ಹೇಳಿದ್ದೆ ಕಣೋ, ನಿನ್ನೆದುರು ಹೇಳಿಲ್ಲ ಅಷ್ಟೇ.

ಯಾಕೋ ಕಣ್ಣಲ್ಲಿ ನೀರು? ಏಯ್. ಮೂವತ್ತು ವರ್ಷದ ಗಂಡಸು... ನೀನು ಹೀಗೆ ಸಮಾಧಾನವಾಗಿ, ತಗ್ಗಿದ ದನಿಯಲ್ಲಿ ಮಾತಾಡ್ತಿದ್ರೆ ನಂಗೆ ಎಷ್ಟು ಹಿತ ಗೊತ್ತಾ? ಬಂದಾಗಿಂದ ಎಗರಾಡ್ತಿದ್ದೆ. ಹೀಗೆ ಮಾತಾಡ್ಬೇಕು. ಹೀಗೆ ಮಾತಾಡಿದ್ರೆ ಎಲ್ಲಾ ಬಗೆಹರಿಯತ್ತೆ.

ಎಲ್ಲಿಗೆ ಹೋಗ್ತೀಯ? ತಾಂಬರಂ ಬಿಟ್ಟಾ? ದಾವಣಗೆರೆಗಾ? ಅಲ್ಲಿ ಯಾರಿದಾರೆ ನಿಂಗೆ? ...ಇಲ್ಲಿ ಯಾರೂ ಕೆಲಸ ಕೊಡದೆ ಇದ್ರೆ, ಅಂತೀಯ. ಬೇಡ ಕಿರಣ. ಹಾಗನ್ಬೇಡ. ನಾನು ಉಮಾಮಹೇಶ್ವರಿ ಅಮ್ಮನ ಹತ್ರ ಏನಾದ್ರೂ ಒಂದು ಹೇಳ್ತೀನಿ. ಮೈಕೇ ಕೆಟ್ಟಿತ್ತು, ಅವನ ತಪ್ಪಲ್ಲ ಅಂತೀನಿ. ಮೈಕ್ ಕಂಪನಿಯವರ ಮೇಲೆ ಹಾಕೋಣ. ಯಾರಿಗೆ ಏನು ನಷ್ಟ?

ಮೈಕ್ ಕೆಟ್ಟಿಲ್ಲ, ಗೊತ್ತು.

ಏನಂದೆ? ಇನ್ನೊಂದ್ಸಲ ಹೇಳು, ಮೀಸೆ ಅಡ್ಡ... ಲೋಟ ಕೆಳಗಿಟ್ಟಾಗಿಂದ... ಲೋಟ ಕೆಳಗಿಟ್ಟಾಗಿಂದ ಏನು? ನಿಧಾನಕ್ಕೆ ಹೇಳು.

...ದನಿ ತೆಗೆದೇ ಇಲ್ವಾ?

ಸುಳ್ಳು. ನೀನು ಇಷ್ಟೊತ್ತೂ ಮಾತಾಡಿದ್ಯಲ್ಲ. ಟೇಪಿನ ವಿಷಯ, ಪೆರಂಬೂರು, ದಾವಣಗೆರೆ... ನಾನು ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟಿದೀನಿ. ಕೊಟ್ಟಿಲ್ವಾ? ಕೇಳ್ದೆ ಹೇಗೆ ಕೊಡ್ಲಿ?

ಬರೀ ತುಟಿ ಆಡಿಸ್ತಿದ್ದೆ ಅಂತೀಯ.

ಕಿರಣ. ಬೇಡ ಕಣೋ, ಹೀಗೆಲ್ಲ ಆಟ ಆಡ್ಬೇಡ ಅಣ್ಣನ ಜೊತೆ.

...ಆಟ ಅಲ್ಲ.

ತಡಿ. ಸ್ವಲ್ಪ ಸುಮ್ನಿರು. ಹೂಂ... ಸುಮ್ನೇ ಇದೀಯ ಅಲ್ವಾ ನೀನು. ಇಷ್ಟೊತ್ತೂ ಸುಮ್ನೇ ಇದ್ದೆ.

ಸರಿ. ಬಲಗಿವಿ ಹೋಗಿ ಎರಡೂವರೆ ವರ್ಷ ಆಯ್ತು. ಎಡಗಡೆದು ಈ ಯುಗಾದಿ ಹೊತ್ತಿಗೆ ಹೋಯ್ತು. ಎಗ್ಮೋರ್ ಹತ್ರ ಒಬ್ರು ಡಾಕ್ಟ್ರು, ಒಂದು ಪೆಟ್ಟಿಗೆಯಂಥ ರೂಮೊಳಗೆ ಕೂರ್ಸಿ ಕೈಗೆ ಒಂದು ಗುಂಡಿ ಕೊಟ್ರು, ಸದ್ದು ಕೇಳಿದಾಗ ಒತ್ತಿ ಅಂದ್ರು. ನಾನು ಒತ್ತೋಕೆ ಕಾಯ್ತಾನೇ ಇದ್ದೆ. ಅವರು ಬಾಗಿಲು ತೆಗೆದು, ಮುಗೀತು ಬನ್ನಿ ಅಂದ್ರು. ಆಮೇಲೆ ಒಂದು ಕಾಗದದಲ್ಲಿ ಗೆರೆ ಎಳೆದು ಕೊಟ್ರು, ಮೆಟ್ಟಿಲು ಇಳಿದ ಹಾಗೆ ಇಳೀತಿತ್ತು ಅದು. ಸ್ಪೀಕರ್ ಪಕ್ಕ ಎಷ್ಟು ವರ್ಷ ಕೂತಿದ್ರಿ ಅಂತ ಕೇಳಿದ್ರು. ನಿಮ್ಮತ್ತಿಗೆಗೆ ಒಬ್ಬಳಿಗೇ ಗೊತ್ತು. ತಮ್ಮನಿಗೆ ಹೇಳಿ ಅಂತ ದಿನಾ ಅಳ್ತಾಳೆ. ನಂಗೆ ಬಾಯಿ ಬರ್ಲಿಲ್ಲ. ಕಿವಿ ಮುರಿಗೆಪ್ಪನಿಗೆ ಕಿವಿ ಇಲ್ಲ ಅಂದ್ರೆ ಇನ್ನೇನು ಉಳೀತು ಹೇಳು.

ತುಟಿ ಓದೋದು ಯಾರೂ ಕಲ್ಸಿಲ್ಲ, ತಾನಾಗೇ ಬಂತು. ಹಗಲೂ ರಾತ್ರಿ ಈ ಟಿ.ವಿ.ಯಲ್ಲಿ ಜನರ ಬಾಯಿ ನೋಡ್ತಾನೇ ಇರ್ತೀನಲ್ಲ. ಅದೇ ಕೆಡಿಸ್ತು ಕಣೋ. ತುಟಿ ಆಡಿದ್ರೆ ಸಾಕು, ತಲೆಯೊಳಗೆ ಅವರ ದನಿಯೇ ಕೇಳ್ಸಿದ ಹಾಗಾಗತ್ತೆ. ಆ ಮುತ್ತಾತನ ಮಾತು ಗಂಟೆ ಹೊಡೆದ ಹಾಗಿದೆ ಅಂದ್ನಲ್ಲ, ಸುಳ್ಳು ಹೇಳ್ಲಿಲ್ಲ ನಾನು. ನಂಗೆ ಹಾಗೇ ಕೇಳ್ತು. ಅದಕ್ಕೇ ಮಾತನ್ನ ಏರ್ಸೋದೇ ಬೇಡ ಅನ್ಸೋದು. ಮ್ಯೂಸಿಕ್ಕಿಗೆ ತುಟಿ ಇಲ್ವಲ್ಲ. ಅದನ್ನ ಏರಿಸ್ತಾ ಹೋದೆ, ಏರಿಸ್ತಾ ಹೋದೆ, ಮೇಜಿನ ಮೇಲಿಟ್ಟ ಕೈಗೆ ನಡುಕ ತಾಕೋ ತನಕ. ಮೀಟರಲ್ಲಿ ಕಡ್ಡಿ ಕೆಂಪಿಗೆ ಹೋಗೋದು ಕಾಣ್ತಿತ್ತು. ಕಂಪ್ಯೂಟರ್ ಕೆಟ್ಟಿದೆ ಅಂದ್ಕೊಂಡೆ.

ಕೇಳು, ನೀನು ಕೇಳೋ ಮುಂಚೆ ನಾನೇ ಹೇಳ್ತೀನಿ. ಶೋಳಿಂಗನಲ್ಲೂರಿನದು ಆದಾಗ ತಪ್ಪು ನನ್ನ ಕಿವಿದು ಅಂತ ನಂಗೆ ಗೊತ್ತಿರ್ಲಿಲ್ಲ. ನಿಜವಾಗಿ ನಿನ್ನ ಮೈಕೇ ಅಂತ ನಂಬಿದ್ದೆ. ನಿನ್ನೆ ಗೊತ್ತಿತ್ತು. ಆ ಯಮ್ಮ ಎದುರಿಗೆ ನಿಂತು ‘ಬರೀ ಮ್ಯೂಸಿಕ್ಕು’ ಅಂದಾಗ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ನಿನ್ನ ಹೆಸರು ಹೇಳಿಬಿಟ್ಟೆ. ಬಾಯಿಗೆ ಮೊದ್ಲು ಬಂದಿದ್ದೇ ನಿನ್ನ ಹೆಸರು. ನಾನು ಕೆಟ್ಟವನು ಕಿರಣ. ಇಲ್ಲ ಅಂತ ತಲೆ ಆಡಿಸ್ಬೇಡ, ಕೆಟ್ಟವನೇ.

ನಾಳೆ ನಾನೇ ಅಣ್ಣಾ ನಗರಕ್ಕೆ ಹೋಗ್ತೀನಿ. ಫೋನಲ್ಲಿ ಆಗಲ್ಲ, ಎದುರಿಗೆ ನಿಂತು ಹೇಳ್ತೀನಿ. ತಮ್ಮನ ಮೈಕ್ ಸರಿಯಾಗಿತ್ತಮ್ಮ, ನಂಗೆ ಕಿವಿ ಕೇಳಲ್ಲ ಅಂತ. ಆ ಮೂರು ಮನೆಗೂ ಹೋಗ್ತೀನಿ, ಬೀದಿ ಹೆಸರು ಬರೆದು ಕೊಡು. ನೀನು ಬರೋದು ಬೇಡ. ಬಂದ್ರೆ ಮೆಟ್ಟಿಲ ಹತ್ರ ನಿಂತಿರು, ಅಷ್ಟೇ. ಅವರು ಏನಂದ್ರು ಅಂತ ನಂಗೆ ತಿಳೀದೆ ಹೋದ್ರೆ ನೀನು ಹೇಳ್ಬೇಕಾಗತ್ತೆ.

ಆ ಬ್ಯಾಗ್ ಬಿಚ್ಚು. ಹೆಡ್‌ಫೋನ್ ತೆಗಿ. ಏಳು, ಸ್ಟೂಲ್ ಬಿಡು, ಈ ಕುರ್ಚಿಗೆ ಬಾ. ನಾನು ಎದ್ದೆ ನೋಡು. ಕೂತ್ಕೋ. ಮ್ಯೂಸಿಕ್ಕು ಈ ಕಡೇದು, ಮಾತು ಈ ಕಡೇದು, ನಿಂಗೆ ಹೇಳ್ಕೊಡ್ಬೇಕಾ... ಇಳ್ಸು. ಇನ್ನೂ ಇಳ್ಸು. ತೊಟ್ಟಿಲ ಹತ್ರ ಮ್ಯೂಸಿಕ್ಕೇ ಬೇಡ. ಪೂರ್ತಿ ತೆಗೆದು ಹಾಕು. ಅಲ್ಲಿ ಆ ಹುಡುಗಿ ದನಿ ಒಂದೇ ಇರ್ಲಿ.

ಈಗ ಹೆಸರು ಬರ್ತಿದೆಯಾ? ಬರ್ತಿರ್ಬೇಕು, ನಿನ್ನ ಮುಖದಲ್ಲೇ ಕಾಣ್ತಿದೆ.

ಒಂದು ವಿಷಯ ಗೊತ್ತಾ? ಹದಿನೆಂಟು ದಿನ ಕೂತು ಎಡಿಟ್ ಮಾಡಿದೀನಿ. ಆ ಮಗು ನಕ್ಕಿದ್ದು, ಅತ್ತಿದ್ದು, ಬೆರಳು ಚೀಪಿದ್ದು, ಎಲ್ಲಾ ಬಾಯಿಪಾಠ ಬರತ್ತೆ. ಅದಕ್ಕೆ ಏನು ಹೆಸರಿಟ್ರು ಅಂತ ನಂಗೆ ಗೊತ್ತಿಲ್ಲ. ಸಿಡಿ ಕವರ್ ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟಿದೀನಿ. ಯಾರನ್ನ ಕೇಳೋದು? ಕೇಳಿದ್ರೆ, ವಿಡಿಯೋದಲ್ಲೇ ಇದೆಯಲ್ಲ ಅಂತಾರೆ.

ತಡಿ, ಹಾಗೆ ಬೇಡ. ತುಟಿ ಆಡಿಸ್ಬೇಡ, ಅದು ನಂಗೆ ಬರತ್ತೆ. ಇಲ್ಲಿ ಬಾ. ಈ ಎಡಗಿವಿಗೆ. ಅವಳು ಹಿಡಿದ ಹಾಗೆ ಕೈ ಅಡ್ಡ ಹಿಡಿ, ನಂಗೆ ಕಾಣ್ಬಾರ್ದು. ದನಿ ತೆಗೆದು ಹೇಳು, ಜೋರಾಗಿ. ಪಾಟಿಗೆ ಕೇಳಿದ್ರೆ ಕೇಳ್ಲಿ. ಮೂರು ಸಲ ಹೇಳು.

ಹೂಂ, ಉಸಿರು ತಾಕ್ತಿದೆ. ಬಿಸಿಯಾಗಿದೆ.

...ಹೇಳಿ ಆಯ್ತಾ?